ಬಂಡಿದಾರಿಯ ಜಗಳ

ನಮ್ಮ ಎದುರು ಮನೆಯ ಪ್ರಭಾಕರ್ ಯುರೋಪ್ ನೋಡಿಕೊಂಡು ಬಂದಿದ್ದಾರೆ. ಬಂದವರು ಸುಮ್ಮನೆ ಮನೆಯಲ್ಲಿ ಕೂತು ನಿದ್ದೆ ತೀರಿಸಿಕೊಳ್ಳಬಾರದೆ? ಮೊನ್ನೆ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಕಾಂಪೌಂಡಿನ ಬಳಿ ನಿಂತಿದ್ದಾಗ ಫೋನು ಚಾಚಿಕೊಂಡು ಬಂದೇಬಿಟ್ಟರು. "ಮೇಡಂ, ನೀವು ಸೈಕಲ್ ಪಾರ್ಟಿ ಅಲ್ವಾ? ಇದು ನೋಡಿ."

ನೋಡಿದೆ. ಒಂದು ನದಿ, ನದಿಯ ಪಕ್ಕಕ್ಕೆ ಕಾಡು, ಎರಡರ ನಡುವೆ ಸಣ್ಣ ದಾರಿ. ದಾರಿಯ ಮೇಲೆ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳಾದ ಒಬ್ಬ ಅಜ್ಜಿ ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ನಗುತ್ತ ಹೋಗುತ್ತಿದ್ದಾಳೆ.

"ಕಾರು, ಬೈಕು ಯಾವುದಕ್ಕೂ ಎಂಟ್ರಿ ಇಲ್ಲ ಮೇಡಂ. ಊರಿಂದ ಊರಿಗೆ ಹಿಂಗೇ ಹೋಗ್ತಾ ಇರ್ಬೋದು. ಒಂದು ಹಾರನ್ ಇಲ್ಲ! ನಮ್ಮಲ್ಲಿ ಇದೆಲ್ಲ ಯಾವ ಕಾಲಕ್ಕೆ ಬರುತ್ತೋ."

"ಇತ್ತು" ಎಂದೆ.

"ಏನು?"

"ನಮ್ಮಲ್ಲೂ ಇತ್ತು" ಎಂದು ಹೇಳಿ ಒಳಗೆ ಬಂದುಬಿಟ್ಟೆ. ಬಾಗಿಲು ಸ್ವಲ್ಪ ಜೋರಾಗಿಯೇ ಬಡಿದುಕೊಂಡಿತು. ಪಾಪ, ಅವರೇನು ಮಾಡಿದರು? ಅವರ ಕಾರು ನಮ್ಮ ರಸ್ತೆಯ ಅರ್ಧ ಅಗಲವನ್ನು ನುಂಗಿ ನಿಲ್ಲುತ್ತದೆ ಎಂಬುದನ್ನು ಬಿಟ್ಟರೆ ಮನುಷ್ಯ ನಿರುಪದ್ರವಿ. ಆದರೆ ನನ್ನ ಕೋಪ ಯಾರ ಮೇಲೆ ಹುಟ್ಟುತ್ತದೋ ಅವರ ಮೇಲೆ ಬೀಳುವ ಜಾತಿಯದಲ್ಲ. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟೆ. ಮಕ್ಕಳು ನನಗಿಟ್ಟಿದ್ದ ಹೆಸರು 'ಕುಕ್ಕರ್'. ನಿವೃತ್ತಿಯ ದಿನ ಒಬ್ಬ ಹಳೆಯ ವಿದ್ಯಾರ್ಥಿ ಬಂದು ಪ್ರೀತಿಯಿಂದಲೇ ಉಡುಗೊರೆ ಕೊಟ್ಟ. ಬಿಚ್ಚಿ ನೋಡಿದರೆ ಕುಕ್ಕರ್! ಈಗಲೂ ಅದರಲ್ಲೇ ಬೇಳೆ ಬೇಯಿಸುತ್ತೇನೆ.

ಸೈಕಲ್ಲಿನ ಹುಚ್ಚು ನನಗೆ ರಾಜಾಜಿನಗರದಿಂದ ಬಂದದ್ದು. ನಮ್ಮಪ್ಪ ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮುಂದೆ ನಿಲ್ಲುತ್ತಿದ್ದರು. ಸಂಜೆ ಸೈರನ್ ಕೂಗಿತೆಂದರೆ ನಾವು ಮಕ್ಕಳೆಲ್ಲ ರಸ್ತೆಬದಿಯ ಕಲ್ಲಿನ ಮೇಲೆ ಸಾಲಾಗಿ ಕೂರುವುದು. ಕಾರ್ಖಾನೆಗಳ ಬಾಗಿಲುಗಳಿಂದ ಸೈಕಲ್ಲುಗಳು ಕಟ್ಟೆಯೊಡೆದ ಕೆರೆಯ ಹಾಗೆ ಹೊರಗೆ ಬರುತ್ತಿದ್ದವು. ನೂರಾರು ಗಂಟೆಗಳ ಕಿಣಿಕಿಣಿ, ಊಟದ ಕ್ಯಾರಿಯರ್‌ಗಳ ಲಟಪಟ, ಎಣ್ಣೆ ಮತ್ತು ಬೀಡಿಯ ವಾಸನೆ. ಆ ಹೊಳೆಯಲ್ಲಿ ನಮ್ಮಪ್ಪನನ್ನು ಗುರುತಿಸಿ ಓಡಿಹೋಗಿ ಮುಂದಿನ ಬಾರಿನ ಮೇಲೆ ಹತ್ತಿ ಕೂತರೆ ಆ ದಿನ ಸಾರ್ಥಕ. ಅಪ್ಪಿತಪ್ಪಿ ಬಂದ ಒಂದು ಕಾರು ಆ ಸೈಕಲ್ಲುಗಳ ಮಧ್ಯೆ ಸಿಕ್ಕಿಕೊಂಡು ತಲೆ ತಗ್ಗಿಸಿ ನಿಂತಿರುತ್ತಿತ್ತು. ರಸ್ತೆ ಎಂದರೆ ಸೈಕಲ್ಲಿನ ಆಸ್ತಿ, ಕಾರು ಎಂದರೆ ಕರೆಯದೆ ಬಂದ ನೆಂಟ ಎಂದು ನಾನು ನಂಬಿದ್ದು ಆಗಲೇ. ಆ ನಂಬಿಕೆಯನ್ನು ಇವತ್ತಿಗೂ ಬಿಟ್ಟಿಲ್ಲ. ಬಿಡದೆ ಇರುವುದರಿಂದಲೇ ಇಷ್ಟೆಲ್ಲ ತಾಪತ್ರಯ.

ಭಾನುವಾರಗಳಲ್ಲಿ ಅಪ್ಪ ನನ್ನನ್ನು ಮಾಗಡಿ ರಸ್ತೆಯಲ್ಲಿ ಕರೆದೊಯ್ಯುತ್ತಿದ್ದರು. ಸುಂಕದಕಟ್ಟೆ ದಾಟಿದರೆ ಊರು ಮುಗಿಯಿತು. ಆಮೇಲೆ ರಾಗಿ ಹೊಲ, ಮಾವಿನ ತೋಪು, ಹುಣಸೆಮರದ ನೆರಳು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ 'ಆಂಟಿ ಕಥೆ ಹೊಡೀತಿದಾರೆ' ಎನ್ನುತ್ತಾರೆ. ಈಗಿನ ಸುಂಕದಕಟ್ಟೆಯಲ್ಲಿ ರಸ್ತೆ ದಾಟಿ ಆಚೆ ಬದಿ ಸೇರುವುದೇ ಒಂದು ಪ್ರವಾಸ.

ನಿವೃತ್ತಿಯಾದ ಮೇಲೆ ಮತ್ತೆ ಸೈಕಲ್ ಹತ್ತಿದೆ. ಜೊತೆಗೆ ನನ್ನ ನಾದಿನಿ ಗಿರಿಜಾ. ನನ್ನ ಗಂಡನ ತಂಗಿ, ಕೆಂಗೇರಿಯಲ್ಲಿ ಮನೆ. ನನಗೆ ಬಾಯಿ ಜೋರು, ಅವಳಿಗೆ ಕೈ ಜೋರು. ಸಕ್ಕರೆ ಕಾಯಿಲೆಗೆ ಡಾಕ್ಟರು ವಾಕಿಂಗ್ ಮಾಡಿ ಎಂದರೆ, "ನಡೆದೂ ನಡೆದೂ ಅದೇ ಪಾರ್ಕಲ್ಲಿ ಸುತ್ತೋಕೆ ನಾನೇನು ಗಾಣದೆತ್ತಾ?" ಎಂದು ಕೇಳಿದವಳು. ತುರುಬಿನ ಮೇಲೆ ಹೆಲ್ಮೆಟ್ ಕೂರದೆ, ಕೊನೆಗೆ ಅವಳು ತುರುಬನ್ನೇ ಕತ್ತರಿಸಿಹಾಕಿದಳು. ಮನೆಯಲ್ಲಿ ಒಂದು ವಾರ ಸೂತಕದ ಮೌನ.

ಹೊರಟ ಮೂರನೆಯ ತಿಂಗಳಲ್ಲೇ ಮಾಗಡಿ ರಸ್ತೆಯಲ್ಲಿ ಪಕ್ಕಕ್ಕೆ ನಿಂತಿದ್ದ ಕಾರೊಂದರ ಬಾಗಿಲು ಫಟ್ಟನೆ ತೆರೆದುಕೊಂಡಿತು. ಗಿರಿಜಾ ಅದಕ್ಕೆ ಬಡಿದು ಬಿದ್ದಳು. ಕಾಲರ್ ಮೂಳೆ ಮುರಿಯಿತು. ಕಾರಿನಿಂದ ಇಳಿದ ಮನುಷ್ಯ ಮೊದಲು ಬಾಗಿಲಿನ ಬಣ್ಣ ಸವರಿ ನೋಡಿದ. ಆಮೇಲೆ ನಮ್ಮ ಕಡೆ ತಿರುಗಿ, "ಏನ್ ಮೇಡಂ ಈ ವಯಸ್ಸಲ್ಲಿ ಸೈಕಲ್ಲು?" ಎಂದ.

ಅದನ್ನಾದರೂ ಸಹಿಸಿಕೊಂಡೇನು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಅದೇ ಮಾತು ಆಡಿದರಲ್ಲ! ಸೇಬು ತಂದವರು, ಎಳನೀರು ತಂದವರು, ಕುಂಕುಮದ ಪೊಟ್ಟಣ ತಂದವರು, ಒಬ್ಬರಾದರೂ "ಅವನ್ಯಾಕೆ ಹಿಂದೆ ನೋಡದೆ ಬಾಗಿಲು ತೆಗೆದ?" ಎಂದು ಕೇಳಲಿಲ್ಲ. ಎಲ್ಲರೂ ಕೇಳಿದ್ದು "ನಿನಗ್ಯಾಕೆ ಬೇಕಿತ್ತು?" ಎಂದೇ. ಗಿರಿಜಾ ಒಂದು ಕೈ ಜೋಲಿಯಲ್ಲಿ, ಇನ್ನೊಂದು ಕೈಯಲ್ಲಿ ಸೇಬು ಹಿಡಿದು ಸುಮ್ಮನೆ ಅಗಿಯುತ್ತಿದ್ದಳು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿದಳು. "ಅತ್ತಿಗೆ, ಕಾರಿಲ್ಲದ ದಾರಿ ಹುಡುಕಿ ಇಡಿ. ಮೂಳೆ ಕೂಡ್ಕೊಂಡ ತಕ್ಷಣ ಹೋಗೋಣ."

ಹುಡುಕಿದೆ. ಮಾಗಡಿಯ ಬಸ್ಸು, ರಾಮನಗರದ ಬಸ್ಸು ಹತ್ತಿ ಎಲ್ಲೆಲ್ಲೋ ಇಳಿದು, ಕಾಲುದಾರಿ ಕಂಡಲ್ಲೆಲ್ಲ ನುಗ್ಗಿದೆ. ನಾಯಿಗಳು ಬೆನ್ನಟ್ಟಿದವು. ಒಂದು ಊರಿನಲ್ಲಿ ನನ್ನನ್ನು ಸೈಟು ಕೊಳ್ಳಲು ಬಂದವಳೆಂದು ತಿಳಿದು ಬ್ರೋಕರೊಬ್ಬ ಎಳನೀರು ಕುಡಿಸಿದ. ಕೊನೆಗೆ ಸಿಕ್ಕಿತು. ಸಾವನದುರ್ಗದ ಕಡೆಯ ಕಾಡು ಇಳಿದು ಅರ್ಕಾವತಿಯ ಕಣಿವೆಗೆ ಸೇರುವಲ್ಲಿ ಒಂದು ಹಳ್ಳಿ. ಊರಿನ ಹೆಸರು ಹೇಳುವುದಿಲ್ಲ. ಅದು ಗೊತ್ತಾದವರೇ ಹೆಚ್ಚಾಗಿದ್ದಾರೆ.

ಆ ಊರಿಂದ ಹೊಳೆಯ ಗುಂಟ ಕೆಳಗಿನ ಊರಿಗೆ ಹೋಗುವ ಹಳೆಯ ಬಂಡಿದಾರಿ ಅದು. ಎರಡು ಚಕ್ರದ ಜಾಡು, ನಡುವೆ ಹುಲ್ಲಿನ ಗೀಟು. ಒಂದು ಬದಿಗೆ ಬಂಡೆ, ಬಿದಿರು, ಜಾಲಿ. ಇನ್ನೊಂದು ಬದಿಗೆ ಹೊಂಗೆಮರಗಳ ಸಂದಿಯಲ್ಲಿ ನೀರು. ಕಾಡು ಕೆಲವೆಡೆ ಎಷ್ಟು ಹತ್ತಿರ ಬರುತ್ತದೆಂದರೆ ಕೊಂಬೆಗಳು ಹೆಲ್ಮೆಟ್ಟಿಗೆ ತಟ್ಟುತ್ತವೆ. ಆ ಸದ್ದೂ ನಿಂತರೆ ನಮ್ಮದೇ ಸೈಕಲ್ಲಿನ ಚೈನು ತಿರುಗುವುದು ಕೇಳಿಸುತ್ತದೆ. ನನ್ನ ಸೈಕಲ್ಲಿಗೆ ಚೈನಿನ ಸದ್ದು ಇದೆ ಎಂಬುದೇ ನನಗೆ ಗೊತ್ತಾದದ್ದು ಅಲ್ಲಿ.

ಆ ದಾರಿಯ ಮೊದಲ ಮನೆ ಜಯಮ್ಮನದು. ನನ್ನಷ್ಟೇ ವಯಸ್ಸು, ಎರಡು ಹಸು, ದಾರಿಯ ತಿರುವಿನಾಚೆ ಒಂದು ಹುರುಳಿ ಹೊಲ, ಮಗ, ಸೊಸೆ. ಮೊದಲ ದಿನ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾಕ್ರವ್ವಾ, ಮನೇಲಿ ಜಗ್ಳ ಆಡ್ಕಂಡ್ ಬಂದಿದ್ದೀರಾ?" ಎಂದಳು. ಎರಡನೆಯ ವಾರಕ್ಕೆ ಮಜ್ಜಿಗೆ ಕೊಟ್ಟಳು. ಮೂರನೆಯ ವಾರಕ್ಕೆ, ಬೆಂಗಳೂರಿಂದ ಅಲ್ಲಿಯವರೆಗೆ ರಸ್ತೆಯಲ್ಲಿ ತುಳಿಯುವ ಧೈರ್ಯ ನಮಗಿಲ್ಲವೆಂದು ತಿಳಿದು, "ಸೈಕ್ಲು ನಮ್ ಕೊಟ್ಟಿಗೇಲೇ ಬಿಟ್ಟೋಗ್ರಿ, ನೀವು ಬಸ್ಸಲ್ ಬನ್ನಿ" ಎಂದಳು. ಹಾಗೆ ನಾವು ಸೈಕಲ್ ತುಳಿಯಲು ಬಸ್ಸಿನಲ್ಲಿ ಹೋಗುವ ಹೆಂಗಸರಾದೆವು. ಎರಡು ಸೈಕಲ್ಲು, ಎರಡು ಹಸು ಒಂದೇ ಸೂರಿನಡಿ. ನನ್ನ ಸೀಟಿನ ಹೊದಿಕೆಯನ್ನು ಕರಿ ಹಸು ತಿಂದುಹಾಕಿತು. ಅದೊಂದೇ ನಷ್ಟ.

ಒಂದು ಇಡೀ ಚಳಿಗಾಲ ಹೀಗೆ ಕಳೆಯಿತು. ಗಿರಿಜಾಳ ಸಕ್ಕರೆ ಇಳಿಯಿತು. ನನ್ನ ಕೋಪವೂ ಇಳಿದಿತ್ತೆಂದು ನನ್ನ ಗಂಡ ಹೇಳುತ್ತಾರೆ. ಅವರಿಗೆ ಆ ತಿಂಗಳುಗಳ ನೆನಪು ನನಗಿಂತ ಚೆನ್ನಾಗಿದೆ.

ಬೇಸಿಗೆಯ ಒಂದು ಭಾನುವಾರ ನಾವು ತಿರುವು ದಾಟುತ್ತಲೇ ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು. ಎರಡೂ ಬದಿಗೆ ತಂತಿಬೇಲಿ, ಹೊಳೆಯವರೆಗೆ. ಗೇಟಿನ ಮೇಲೆ ಮನೆಯಷ್ಟು ದೊಡ್ಡ ಬೋರ್ಡು. ಫಾರ್ಮ್ ಪ್ಲಾಟುಗಳು ಮಾರಾಟಕ್ಕಿವೆಯಂತೆ. ಬೋರ್ಡಿನ ಚಿತ್ರದಲ್ಲಿ ಒಂದು ನದಿ, ಒಂದು ಕಾಡು, ನಡುವೆ ನಗುನಗುತ್ತ ಸೈಕಲ್ ತುಳಿಯುತ್ತಿರುವ ಗಂಡ ಹೆಂಡತಿ! ಕೆಳಗೆ ದಪ್ಪಕ್ಷರದಲ್ಲಿ 'ಪ್ರಕೃತಿಯ ಮಡಿಲಲ್ಲಿ ಸೈಕ್ಲಿಂಗ್ ಟ್ರ್ಯಾಕ್'.

ನಾನು ಆ ಬೋರ್ಡನ್ನು ಎರಡು ಸಲ ಓದಿದೆ. ಆಮೇಲೆ ಗೇಟು ಬಡಿದೆ. ಒಳಗಿಂದ ಸೂಪರ್‌ವೈಸರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಫೋನು.

"ಮೇಡಂ, ಇದು ಪ್ರೈವೇಟ್ ಪ್ರಾಪರ್ಟಿ. ಸೈಟ್ ನೋಡೋಕ್ ಬಂದಿದ್ರೆ ಹೇಳಿ, ಓಪನ್ ಮಾಡಿಸ್ತೀನಿ."

"ದಾರಿ ನೋಡೋಕ್ ಬಂದಿದೀವಪ್ಪಾ. ಹೋದ ವಾರ ಇಲ್ಲೊಂದು ದಾರಿ ಇತ್ತು."

"ಹೋದ ವಾರದ್ದು ಹೋದ ವಾರ ಮೇಡಂ."

"ಬೋರ್ಡಲ್ಲಿ ಸೈಕಲ್ ಬಿಡ್ತಿದಾರಲ್ಲ, ಅವರ್ಯಾರು?"

"ಅದು ಪ್ಲಾಟ್ ತಗೊಂಡೋರಿಗೆ."

ನನ್ನೊಳಗೆ ಕುಕ್ಕರ್ ಕೂಗಿತು. ಸೈಕಲ್ಲನ್ನು ಗೇಟಿಗೆ ಅಡ್ಡಲಾಗಿ ಮಲಗಿಸಿ ಅದರ ಪಕ್ಕದಲ್ಲೇ ಧೂಳಿನಲ್ಲಿ ಕೂತೆ. "ಈ ಗೇಟಿಂದ ನಾನು ಆಚೆ ಹೋಗಲ್ಲ ಅಂದ್ರೆ ನಿಮ್ಮ ಒಂದು ಕಾರೂ ಈಚೆ ಬರಲ್ಲ." ಗಿರಿಜಾ ತನ್ನ ಸೈಕಲ್ಲನ್ನೂ ಮಲಗಿಸಿ ಕೂತಳು. ಕೂತ ಮೇಲೆ ಚೀಲದಿಂದ ಚಪಾತಿ ತೆಗೆದಳು. ಸತ್ಯಾಗ್ರಹಕ್ಕೂ ಸಕ್ಕರೆ ಕಾಯಿಲೆಗೂ ಹೊಂದುವುದಿಲ್ಲ.

ಸ್ವಲ್ಪ ಹೊತ್ತಿಗೆ ಜಯಮ್ಮ ಹಸು ಹೊಡೆದುಕೊಂಡು ಬಂದಳು. ಗೇಟು ಹಾಕಿದ್ದು ಹಿಂದಿನ ದಿನ ಸಂಜೆ. ಅವಳಿಗೂ ಸುದ್ದಿ ಗೊತ್ತಿರಲಿಲ್ಲ. ಗೇಟಿನ ಆಚೆ ಅವಳ ಹುರುಳಿ ಹೊಲ. ಸುತ್ತು ಬಳಸಿ ಹೋಗಬೇಕೆಂದರೆ ಗುಡ್ಡ ಹತ್ತಿ ಇಳಿಯಬೇಕು.

"ಯಾವನ್ ಹಾಕಿದ್ದು ಇದ್ನ?" ಎಂದಳು.

"ಅಜ್ಜೀ, ಗಲಾಟೆ ಮಾಡ್ಬೇಡಿ" ಎಂದ ಸೂಪರ್‌ವೈಸರ್.

"ಗಲಾಟೆನಾ? ನಮ್ಮತ್ತೆ ಹೆಣ ಇದೇ ದಾರೀಲಿ ಹೋಗೈತೆ. ನಾನು ಮದ್ವೆಯಾಗಿ ಬಂದಿದ್ದೂ ಇದೇ ದಾರೀಲೆ. ನಿಮ್ಮ ಯಜಮಾನ ಯಾವ ದಾರೀಲಿ ಬಂದ ಕೇಳು!"

ಅವಳ ದನಿಗೆ ಊರು ಎದ್ದು ಬಂತು. ಹಾಲಿನ ಕ್ಯಾನಿನವನೊಬ್ಬ ಬೈಕು ನಿಲ್ಲಿಸಿ ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಮಧ್ಯಾಹ್ನದ ಹೊತ್ತಿಗೆ ಗೇಟು 'ಇವತ್ತಿನ ಮಟ್ಟಿಗೆ' ತೆರೆಯಿತು. ಮೊದಲು ಹಸುಗಳು, ಆಮೇಲೆ ಜಯಮ್ಮ, ಕೊನೆಗೆ ನಾವು. ಜನ ಶಿಳ್ಳೆ ಹೊಡೆದರು. ನನ್ನ ಚೂಡಿದಾರದ ತುಂಬ ಕೆಂಪು ಧೂಳು.

ವಾರ ಕಳೆಯುವುದರಲ್ಲಿ ಆ ವಿಡಿಯೋ ನಾವಿರುವ ಬಸವೇಶ್ವರನಗರವನ್ನೂ ತಲುಪಿತ್ತು. ತರಕಾರಿ ಅಂಗಡಿಯಲ್ಲಿ "ಗೇಟ್ ಆಂಟಿ ಬಂದ್ರು" ಎಂದರು. ನನ್ನ ಹಳೆಯ ಸಹೋದ್ಯೋಗಿಗಳು ಕಣ್ಣೀರು ಬರುವಷ್ಟು ನಗುವ ಇಮೋಜಿಗಳನ್ನು ಕಳಿಸಿದರು. ಅಲ್ಲಿನ ಪುಢಾರಿಯೊಬ್ಬನಿಗೆ ಚುನಾವಣೆ ಹತ್ತಿರವಿತ್ತು. ಅವನು ಜೆಸಿಬಿ ತಂದು ಗೇಟು ಕಿತ್ತುಹಾಕಿಸಿ, ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಂಡ. ನಾವು ಗೆದ್ದೆವು. ಕುಣಿದೆವು. ಗಿರಿಜಾ ಒಂದು ಮೈಸೂರು ಪಾಕು ತಿಂದಳು.

ಗೆದ್ದದ್ದು ಏನನ್ನು ಎಂಬುದು ಮಳೆಗಾಲ ಮುಗಿದ ಮೇಲೆ ತಿಳಿಯಿತು. ಪುಢಾರಿ ಗೇಟು ತೆಗೆಸಿ ಸುಮ್ಮನಾಗಲಿಲ್ಲ. ಊರಿಗೆ ರಸ್ತೆ ಮಾಡಿಸಿಕೊಟ್ಟ. ಮಳೆಗೆಂದು ಅತ್ತ ಹೋಗುವುದು ಬಿಟ್ಟಿದ್ದ ನಾವು ಮತ್ತೆ ಹೋಗುವಷ್ಟರಲ್ಲಿ ನಡುವಿನ ಹುಲ್ಲಿನ ಗೀಟು ಹೋಗಿ, ಬಿದಿರು ಹೋಗಿ, ಕರ್ರಗೆ ಮಿರುಗುವ ಟಾರು ಮಲಗಿತ್ತು. ಅದರ ಮೇಲೆ ಕಾರು, ಕಾರಿನ ಹಿಂದೆ ಕಾರು. ಎಲ್ಲದರ ನಂಬರ್ ಪ್ಲೇಟಿನ ಮೇಲೂ ನಮ್ಮ ರಾಜಾಜಿನಗರದ ಕೆಎ ಸೊನ್ನೆ ಎರಡು. ಬಾಡಿಗೆ ಪಾತ್ರೆಗಳು, ಸ್ಪೀಕರು, ಬಿರಿಯಾನಿಯ ವಾಸನೆ. ಹಿಂದಿನಿಂದ ಬಂದ ಒಂದು ಕಾರು ಬಿಡದೆ ಹಾರನ್ ಹೊಡೆಯಿತು. ನಾನು ತಪ್ಪಿಸಿಕೊಳ್ಳಲು ಹೋಗಿ ಜಾಲಿಯ ಮುಳ್ಳಿಗೆ ಬಿದ್ದೆ. ಮೊಣಕೈ ತರಚಿತು. ಕಾರಿನ ಕಿಟಕಿ ಇಳಿಯಿತು. ಒಳಗೆ ನಾಲ್ವರು ಯುವಕರು.

"ಮಗಾ, ಗೇಟ್ ಆಂಟಿ ಕಣೋ!" ಎಂದು ಒಬ್ಬ ಕೂಗಿದ. "ಆಂಟಿ, ನಿಮ್ಮ ವಿಡಿಯೋ ನೋಡೇ ಬಂದಿದ್ದು ನಾವು. ಸೂಪರ್ ಪ್ಲೇಸ್ ಆಂಟಿ! ಒಂದು ಸೆಲ್ಫಿ?"

ಮೂವತ್ತು ವರ್ಷ ಪಾಠ ಮಾಡಿದ ನನ್ನ ಬಾಯಿ ಕಟ್ಟಿದ್ದು ಅದೇ ಮೊದಲು. ಅವರು ಮುಳ್ಳಿನಲ್ಲಿ ಕೂತ ನನ್ನ ಫೋಟೋ ತೆಗೆದುಕೊಂಡು ಹೊಳೆಯ ಕಡೆ ಹೋದರು.

ಅಲ್ಲಿಂದ ಸೀದಾ ಜಯಮ್ಮನ ಮನೆಗೆ ಬಂದು ಜಗಲಿಯ ಮೇಲೆ ಕೂತು ಬೈಯಲು ಶುರುಮಾಡಿದೆ. ಪುಢಾರಿಯನ್ನು ಬೈದೆ, ಟಾರನ್ನು ಬೈದೆ, ಟಾರು ಹಾಕಲು ಬಿಟ್ಟ ಊರನ್ನೂ ಬೈದೆ. "ಬಂಗಾರದಂಥ ದಾರಿ ಇತ್ತು ಜಯಮ್ಮ. ಹಾಳು ಮಾಡಿಬಿಟ್ರಿ!" ಎಂದೆ.

ಜಯಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಿಲ್ಸಿ ಮೇಡಮ್ಮ" ಎಂದಳು. ಅವಳ ಮುಖ ಕೆಂಪಾಗಿತ್ತು. "ಹೋದ ತಿಂಗ್ಳು ನನ್ ಸೊಸೆಗೆ ನೋವು ಬಂದಾಗ ಆಂಬುಲೆನ್ಸು ಇಲ್ಲೀಗಂಟ ಬಂತು, ಈ ಬಾಗ್ಲಿಗೆ. ನನ್ಗೆ ನೋವು ಬಂದಾಗ ಎತ್ತಿನ ಗಾಡೀಲಿ ಮಲಗಿಸ್ಕಂಡು ಹೋದ್ರು. ಆ ಬಂಗಾರದಂಥ ದಾರೀಲೇ. ನನ್ ಮೊದಲ್ನೇ ಮಗ ಅರ್ಧ ದಾರೀಲೇ ಹೋದ. ರೋಡು ಕೆಟ್ಟದ್ದು ಅಂತ ನನ್ನೆದ್ರು ಯಾರೂ ಹೇಳ್ಬಾರ್ದು. ನೀವೂ ಹೇಳ್ಬಾರ್ದು."

ಒಳಗೆ ಮಗು ಅಳುವ ಸದ್ದು ಕೇಳಿಸಿತು. ಸೊಸೆ ಅದನ್ನು ಸಮಾಧಾನ ಮಾಡುತ್ತಿದ್ದಳು. ಗಿರಿಜಾ ನನ್ನ ತರಚಿದ ಮೊಣಕೈಗೆ ನೀರು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ನೆಲ ನೋಡಿದೆ. ಅಷ್ಟು ತಿಂಗಳು ಆ ಮನೆಯ ಮಜ್ಜಿಗೆ ಕುಡಿದಿದ್ದೆ. ಆ ದಾರಿ ಅವಳಿಂದ ಏನನ್ನು ಕಿತ್ತುಕೊಂಡಿತ್ತೆಂದು ಕೇಳಿರಲಿಲ್ಲ. ಆದರೂ ನನ್ನ ಕೋಪ ಆರಲಿಲ್ಲ. ಅದಕ್ಕೆ ಕೂರಲು ಜಾಗ ಮಾತ್ರ ಇರಲಿಲ್ಲ.

ಹೊಳೆಯ ಕಡೆಯಿಂದ ಇಂಜಿನ್ನು ಕಿರುಚುವ ಸದ್ದು ಬರತೊಡಗಿತು. ನಿಲ್ಲುತ್ತಿತ್ತು, ಮತ್ತೆ ಕಿರುಚುತ್ತಿತ್ತು. ಜಯಮ್ಮ ಎದ್ದು ಇಣುಕಿದಳು.

"ಬೈಯೋದ್ರಲ್ಲಿ ಜಾಣೆ ನೀವು. ಬನ್ನಿ, ಬೈಬೇಕಾದೋರ್ನ ತೋರಿಸ್ತೀನಿ."

ಅದೇ ನಾಲ್ವರು. ಕಾರು ತೊಳೆಯಲೆಂದು ಹೊಳೆಯೊಳಕ್ಕೇ ಇಳಿಸಿದ್ದರು. ನೀರಿನ ಮೇಲೆ ಸೋಪಿನ ನೊರೆ ತೇಲುತ್ತಿತ್ತು. ಹಿಂದಿನ ಚಕ್ರಗಳು ಮರಳಿನಲ್ಲಿ ಅರ್ಧ ಹೂತು ಗಿರಗಿರನೆ ತಿರುಗುತ್ತ ಇನ್ನಷ್ಟು ಹೂತುಹೋಗುತ್ತಿದ್ದವು. ಪ್ಯಾಂಟು ಮಡಚಿಕೊಂಡು ತಳ್ಳುತ್ತಿದ್ದವರು ನಮ್ಮನ್ನು ಕಂಡು ಮುಖ ಅರಳಿಸಿದರು.

"ಆಂಟಿ, ಟ್ರ್ಯಾಕ್ಟರ್ ಸಿಗುತ್ತಾ ಇಲ್ಲಿ?"

"ಸಿಗುತ್ತೆ" ಎಂದಳು ಜಯಮ್ಮ. "ನಮ್ಮ ಮೈದುನಂದೇ ಐತೆ."

"ಪ್ಲೀಸ್ ಆಂಟಿ, ಕರೀರಿ."

"ಕರೀತೀನಿ. ಮೊದ್ಲು ಬಾಟ್ಲು ಆರಿಸಿ."

ಹೊಳೆದಂಡೆಯ ತುಂಬ ಬಾಟಲಿಗಳಿದ್ದವು. ಒಡೆದವು, ಒಡೆಯದವು, ಪ್ಲಾಸ್ಟಿಕ್ ಲೋಟ, ತಟ್ಟೆ, ಮೂಳೆ. ನಾಲ್ವರಲ್ಲಿ ಎತ್ತರದವನು ಮುಖ ಸಿಂಡರಿಸಿದ. "ಆಂಟಿ, ಇವೆಲ್ಲ ನಮ್ದಲ್ಲ. ನಾವ್ ಈಗ ತಾನೇ ಬಂದಿದ್ದು."

"ಹೊಳೇನೂ ನಿಮ್ದಲ್ಲ" ಎಂದಳು ಜಯಮ್ಮ.

ಆಗ ನನ್ನ ಬಾಯಿ ತೆರೆಯಿತು. ಏನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಸೋಪಿನ ನೊರೆಯ ಬಗ್ಗೆ, ಆ ನೀರು ಕುಡಿಯುವ ಹಸುಗಳ ಬಗ್ಗೆ, ಹಾರನ್ನಿನ ಬಗ್ಗೆ, ಆಂಬುಲೆನ್ಸಿಗೆಂದು ಹಾಕಿದ ರಸ್ತೆಯಲ್ಲಿ ಅಡ್ಡಡ್ಡ ನಿಲ್ಲಿಸಿದ ಕಾರುಗಳ ಬಗ್ಗೆ ಹೇಳಿದೆ. ಚೂಡಿದಾರ ನೆನೆಯುವುದನ್ನೂ ಲೆಕ್ಕಿಸದೆ ಮೊಣಕಾಲಿನವರೆಗೆ ನೀರಿಗಿಳಿದಿದ್ದೆನಂತೆ. ಅದು ಗಿರಿಜಾ ಹೇಳಿದ್ದು. ಒಬ್ಬ ಫೋನು ಎತ್ತಿದ. ಗಿರಿಜಾ ಅವನ ಕೈಯಿಂದ ಅದನ್ನು ತೆಗೆದುಕೊಂಡು ತನ್ನ ಜೇಬಿಗಿಟ್ಟಳು. "ಹೋಗುವಾಗ ಕೊಡ್ತೀನಿ ಕಂದಾ. ಈಗ ಎರಡೂ ಕೈ ಬೇಕು ನಿನಗೆ."

ಆರಿಸಿದರು. ಬಗ್ಗಿ ಬಗ್ಗಿ ಆರಿಸಿದರು. ಜಯಮ್ಮ ಗೊಬ್ಬರದ ಖಾಲಿ ಚೀಲಗಳನ್ನು ತಂದುಕೊಟ್ಟಳು. ಪಕ್ಕದ ಕಾರಿನವರು ತಮ್ಮದನ್ನು ತಾವೇ ಎತ್ತಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು. ಚೀಲಗಳು ತುಂಬಿದ ಮೇಲೆಯೇ ಟ್ರ್ಯಾಕ್ಟರು ಬಂದದ್ದು, ಅದೂ ಮೈದುನನ ಊಟ ಮುಗಿದ ಮೇಲೆ. ಕಾರು ಹೊಳೆಯಿಂದ ಹೊರಬಂತು, ಬಾಲದಲ್ಲಿ ಹಗ್ಗ ಕಟ್ಟಿಸಿಕೊಂಡು. ತುಂಬಿದ ಚೀಲಗಳನ್ನೆಲ್ಲ ಡಿಕ್ಕಿಯಲ್ಲಿ ಹೇರಿಸಿ ಕಳಿಸಿದೆವು. ಎತ್ತರದವನು ಹೋಗುವಾಗ "ಸಾರಿ ಆಂಟಿ" ಎಂದ. ನನಗೆ ಅಯ್ಯೋ ಎನ್ನಿಸಲಿಲ್ಲ. ಎನ್ನಿಸಬೇಕೆಂದು ನೀವು ನಿರೀಕ್ಷಿಸಿದ್ದರೆ ಕ್ಷಮಿಸಿ.

ಹೊಳೆ ಅದರಿಂದ ಉದ್ಧಾರವಾಯಿತೇ? ಇಲ್ಲ. ಮುಂದಿನ ಭಾನುವಾರ ಅದಕ್ಕಿಂತ ಹೆಚ್ಚು ಕಾರು ಬಂದವು. ಆ ಭಾನುವಾರ ನಾನು ಹೋಗಿರಲಿಲ್ಲ. ಮೊಣಕೈ ಬಾತಿತ್ತು. ಜೊತೆಗೆ ಜಯಮ್ಮನ ಮುಖ ನೋಡಲು ಒಂದಿಷ್ಟು ಸಂಕೋಚ. ಬೆಳಿಗ್ಗೆ ಇಡ್ಲಿಗೆ ಚಟ್ನಿ ರುಬ್ಬುತ್ತಿದ್ದಾಗ ಫೋನು ಬಡಿದುಕೊಂಡಿತು.

"ಮೇಡಮ್ಮ, ಎಲ್ಲಿದ್ದೀರಿ?" ಜಯಮ್ಮನ ದನಿ. ಹಿಂದೆ ಯಾರದೋ ಸ್ಪೀಕರು ಕೂಗುತ್ತಿತ್ತು. "ಆಗ್ಲೇ ಐದು ಕಾರು ಇಳ್ದವೆ. ನಾನೊಬ್ಳೇ ಎಷ್ಟ್ ಅಂತ ಬೈಲಿ? ಎರಡೂ ಸೈಕ್ಲಿಗೆ ಗಾಳಿ ಹೊಡೆಸಿ ಮಡಗಿವ್ನಿ. ಗಿರಿಜವ್ವನ್ನೂ ಕರ್ಕಂಡು ಬೇಗ ಬನ್ನಿ."

ಚಟ್ನಿಯನ್ನು ಹಾಗೇ ಬಿಟ್ಟು ಬಸ್ಸಿಗೆ ಓಡಿದೆ.